ಹಕೈಮಾಳ ಹಿಕುರಿ ಬುಟ್ಟಿ

ಹಕೈಮಾ ಮೊಣಕಾಲೂರಿ ಕೂತು ಮುಳ್ಳುಪೊದೆಯ ಬುಡದ ಮಣ್ಣನ್ನು ಬೆರಳಿನಿಂದ ಸರಿಸಿದಳು. ಹಿಕುರಿ ಕಳ್ಳಿಯ ಬೂದುಹಸಿರು ತಲೆ ನೆಲಕ್ಕೆ ಅಂಟಿಕೊಂಡಿತ್ತು. ಬೇರು ಮಣ್ಣಿನಲ್ಲೇ ಉಳಿಯುವಂತೆ ತಲೆಯನ್ನಷ್ಟೇ ಕೊಯ್ದು, ಕೊಯ್ದ ಜಾಗಕ್ಕೆ ಮಣ್ಣು ಮುಚ್ಚಿ ತಟ್ಟಿದಳು. ಬುಟ್ಟಿ ತುಂಬಿತ್ತು.

“ಸಿಹಿಯಾಗಿದ್ಯಾ ಹುಡುಗೀ?” ಎಂದು ಮೈದುನ ಬೆನಿಗ್ನೊ ಕೂಗಿದ.

“ಜೇನು ಕಣೋ! ನಿನ್ನ ಮುಖದಷ್ಟೇ ಚಂದ!”

ಜೊತೆಗಿದ್ದ ಯಾತ್ರಿಕರೆಲ್ಲ ನಕ್ಕರು. ಹಿಕುರಿ ನಾಲಿಗೆ ಮರಗಟ್ಟುವಷ್ಟು ಕಹಿ. ಹಕೈಮಾಳಿಗೆ ಅರವತ್ತು ದಾಟಿತ್ತು. ಬೆನಿಗ್ನೊನ ಮುಖದ ಬಗ್ಗೆ ಹೇಳುವುದೇ ಬೇಡ.

ವಿಷಾರಿಕಾ ಬುಡಕಟ್ಟಿನ ಯಾತ್ರಿಕರು ಈ ಮರುಭೂಮಿಗೆ ಹೊರಟಾಗ ಮೊದಲ ಬೆಂಕಿಯ ಮುಂದೆ ಮಾತನ್ನು ತಿರುಗಿಸಿಕೊಳ್ಳುತ್ತಾರೆ. ಹಿರಿಯ ಮತ್ತೆ ಬೆಂಕಿಯ ಮುಂದೆ ಅದನ್ನು ಬಿಡಿಸುವವರೆಗೆ ಮುದುಕಿ ಹುಡುಗಿ, ಕಹಿಯೇ ಸಿಹಿ, ಹೌದೆಂದರೆ ಇಲ್ಲ. ಸ್ಪ್ಯಾನಿಷ್ ಭಾಷೆಗೆ ಈ ಕಟ್ಟು ಬೇಡವೆಂದು ಹೊರಡುವಾಗ ಬೆನಿಗ್ನೊ ಹೇಳಿದ್ದ. “ಯಾವ ಭಾಷೆಯಾದ್ರೂ ಬಾಯಿ ಒಂದೇ ಅಲ್ವಾ?” ಎಂದು ಪಟ್ಟು ಹಿಡಿದವಳು ಹಕೈಮಾಳೇ.

ಗುಂಪಿನಲ್ಲಿ ಸ್ಪ್ಯಾನಿಷ್ ಸರಾಗವಾಗಿ ಬರುತ್ತಿದ್ದುದೂ ಅವಳೊಬ್ಬಳಿಗೇ. ಗ್ವಾದಲಹಾರಾ ನಗರದ ಬೀದಿಗಳಲ್ಲಿ ಮಣಿಸರ ಮಾರಿ ಹೆಣ್ಣುಮಕ್ಕಳನ್ನು ಸಾಕಿದವಳು ಅವಳು. ಗೊತ್ತುಮಾಡಿದಷ್ಟು ವರ್ಷ ಊರ ಗುಡಿಗೆ ಹಿಕುರಿ ತರುವ ಹೊಣೆ ಗಂಡನದಾಗಿತ್ತು. ಅವನು ಅರ್ಧದಲ್ಲೇ ತೀರಿಕೊಂಡಾಗ, ಉಳಿದ ಯಾತ್ರೆಗಳು ತನ್ನವೆಂದು ಊರ ಮುಂದೆ ಎದ್ದು ನಿಂತಳು. ಇದು ಕೊನೆಯದು. ಹಿಕುರಿ ಬಾರದೆ ಮಳೆಗೆ ಮುಂಚಿನ ಹಬ್ಬವಿಲ್ಲ. ಹಬ್ಬವಾಗದೆ ಮುಸುಕಿನ ಜೋಳದ ಬಿತ್ತನೆಯಿಲ್ಲ.

ಮರಳುವಾಗ ಹೆದ್ದಾರಿಯಲ್ಲಿ ಸೈನಿಕರು ಯಾತ್ರಿಕರ ಲಾರಿ ತಡೆದರು. ಸಾರ್ಜೆಂಟ್ ಮೇಲೆ ಹತ್ತಿ ಬುಟ್ಟಿಯ ಬಟ್ಟೆ ಸರಿಸಿದ.

“ಅಜ್ಜೀ, ಇದ್ರಲ್ಲಿ ಮೆಸ್ಕಲಿನ್ ಇರುತ್ತೆ. ಇಲ್ಲದ್ದನ್ನೆಲ್ಲ ಕಣ್ಣಿಗೆ ತೋರಿಸೋ ಪದಾರ್ಥ. ನಿಮ್ಮ ಪೂಜೆಗಾದ್ರೆ ಬಿಡ್ತೀವಿ, ವ್ಯಾಪಾರಕ್ಕಾದ್ರೆ ಬಿಡಲ್ಲ. ಮಾರೋಕಾ ಇದು?”

“ಹೌದು, ಮಾರೋಕೇ,” ಎಂದಳು ಹಕೈಮಾ ತಡವರಿಸದೆ.

ಅಂದಮೇಲಷ್ಟೇ ಅವಳಿಗೆ ಹೊಳೆಯಿತು. ಸಾರ್ಜೆಂಟನಿಗೆ ಹೌದೆಂದರೆ ಹೌದೇ. ಸಾರ್ಜೆಂಟ್ ಬುಟ್ಟಿಗೆ ಕೈ ಹಾಕಿದ.

“ಬಿಡಜ್ಜೀ.”

“ಬಿಡ್ತೀನಿ,” ಎಂದು ಇನ್ನೂ ಬಿಗಿಯಾಗಿ ಹಿಡಿದಳು. ಅವನು ಬುಟ್ಟಿ ಇಳಿಸಿದಾಗ ಅದರ ಜೊತೆ ಅವಳೂ ಇಳಿದಳು.

ಲಾರಿಯ ಚಾಲಕ ಪೇಟೆಯವನು. “ಒಂದೇ ಒಂದ್ಸಲ ‘ಇಲ್ಲ’ ಅಂದ್ಬಿಡಜ್ಜೀ! ಯಾರು ನೋಡ್ತಾರೆ?” ಎಂದು ಕಿಟಕಿಯಿಂದ ಅಂಗಲಾಚಿದ.

ಮಾತು ಮುರಿದು ತಂದ ಹಿಕುರಿಯನ್ನು ಗುಡಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಕೈಮಾ ಹಿರಿಯ ಸಿಲ್ವೇರಿಯೊನ ಕಡೆ ತಿರುಗಿದಳು.

“ಬೆಂಕಿ ಬೇಡ! ಇಲ್ಲಿ ಹಚ್ಚಲೇಬೇಡ!”

ಹಿರಿಯ ಕೂಡಲೇ ಲಾರಿಯಿಂದಿಳಿದು ಪುರಲೆ ಆರಿಸತೊಡಗಿದ. ರಸ್ತೆಯ ಪಕ್ಕದಲ್ಲಿ ಬೆಂಕಿ ಎದ್ದಿತು. ಅವನು ತನ್ನ ಪೂಜೆಯ ಗರಿಗಳನ್ನು ಅವಳ ತುಟಿಯ ಮೇಲೆ ಆಡಿಸಿ ಮಾತನ್ನು ಬಿಡಿಸಿದ.

“ಈಗ ಕೇಳಪ್ಪ. ಮೊದಲಿಂದ ಕೇಳು,” ಎಂದಳು ಹಕೈಮಾ.

“ಮಾರೋಕಾ?”

“ಇಲ್ಲ. ನಮ್ಮ ಗುಡಿಗೆ.”

“ಆಗ ಹೌದು ಅಂದ್ಯಲ್ಲ?”

“ಆಗಿನ ಹೌದು ಅಂದ್ರೆ ಇಲ್ಲ. ಈಗಿನ ಇಲ್ಲ ಅಂದ್ರೆ ಇಲ್ಲಾನೇ.”

ಸಾರ್ಜೆಂಟ್ ಹಣೆ ಉಜ್ಜಿಕೊಂಡು ಸಿಲ್ವೇರಿಯೊನನ್ನು ಕೇಳಿದ: “ತಾತಾ, ಇವಳು ಹೇಳ್ತಿರೋದು ನಿಜಾನಾ?”

ಹಿರಿಯನ ಮಾತು ಇನ್ನೂ ತಿರುಗಿಯೇ ಇತ್ತು. “ಶುದ್ಧ ಸುಳ್ಳು,” ಎಂದ ಅವನು ಗಂಭೀರವಾಗಿ.

“ಸುಳ್ಳು, ಸುಳ್ಳು!” ಎಂದು ಬೆನಿಗ್ನೊ ಲಾರಿಯ ಮೇಲಿಂದ ದನಿಗೂಡಿಸಿದ.

“ಬಾಯಿ ಮುಚ್ಚೋ! ಇಳಿದು ಬಾ ಇಲ್ಲಿ. ಎಲ್ಲರೂ ಇಳೀರಿ!” ಎಂದು ಹಕೈಮಾ ಗದರಿದಳು. ಒಬ್ಬೊಬ್ಬರನ್ನೇ ಬೆಂಕಿಯ ಮುಂದೆ ನಿಲ್ಲಿಸಿ ಹಿರಿಯನಿಂದ ಮಾತು ಬಿಡಿಸಿದಳು. ಕೊನೆಗೆ ಹಿರಿಯನೂ ತನ್ನದನ್ನು ಬಿಡಿಸಿಕೊಂಡ. ಬಿಡಿಸಿಕೊಂಡವರೆಲ್ಲ ಸಾರ್ಜೆಂಟನ ಎದುರಿಗೆ ಬಂದು “ನಿಜ” ಎಂದು ಹೇಳಿಹೋದರು. ಹಿಂದೆ ಸಾಲುಗಟ್ಟಿದ ವಾಹನಗಳು ಹಾರ್ನ್ ಹೊಡೆಯುತ್ತಿದ್ದವು.

“ಸಾಕು, ಹೊರಡಿ ತಾಯೀ,” ಎಂದು ಸಾರ್ಜೆಂಟ್ ಬುಟ್ಟಿಯಿಂದ ಕೈ ತೆಗೆದ. “ಇದನ್ನ ತಿನ್ನದೇನೇ ನನಗೆ ತಲೆ ತಿರುಗ್ತಿದೆ.”

ಹಬ್ಬ ನಡೆಯುತ್ತದೆ. ಊರು ಸೇರುವ ಮೊದಲೇ ದಾರಿಯಲ್ಲಿ ಎಲ್ಲರ ಮಾತು ಬಿಡಿಸಿದ್ದಕ್ಕೆ ಪ್ರಾಯಶ್ಚಿತ್ತವಾಗಿ ಹಬ್ಬ ಮುಗಿಯುವವರೆಗೆ ಹಕೈಮಾ ಉಪ್ಪು ಮುಟ್ಟುವುದಿಲ್ಲ. ಮುಂದಿನ ಯಾತ್ರೆಯಿಂದ ಒಬ್ಬರ ಸ್ಪ್ಯಾನಿಷನ್ನು ತಿರುಗಿಸದೆ ಬಿಡುವುದೆಂದು ಊರು ನಿಶ್ಚಯಿಸಿದೆ. ಆ ಕೆಲಸಕ್ಕೆ ಬೆನಿಗ್ನೊ ಈಗ ಅವಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದಾನೆ.