ಕೊನೆಯ ಹನಿ ಅಯೋಡಿನ್

ಇಪ್ಪತ್ತೆರಡು ವರ್ಷ ಶಾಲೆಯ ಮಕ್ಕಳಿಗೆ ಊಟ ಬಡಿಸಿದ ಮಾರ್ಲಿಸ್ ಟೊಲೆಫ್ಸನ್, ಐವತ್ತಮೂರನೆಯ ವಯಸ್ಸಿನಲ್ಲಿ ನರ್ಸ್ ಆಗುತ್ತೇನೆಂದು ನಮ್ಮ ಕಾಲೇಜಿಗೆ ಬಂದಳು. ಉತ್ತರ ಮಿನ್ನೆಸೋಟದ ಈ ಊರಿನಲ್ಲಿ ಹದಿನಾಲ್ಕು ವರ್ಷದಿಂದ ಪ್ರಯೋಗಾಲಯದ ಉಗ್ರಾಣ ನನ್ನದು. ನಾನು ಹುಟ್ಟಿದ ನ್ಯೂಜೆರ್ಸಿಯಲ್ಲಿ ತಟ್ಟೆಯ ಕೊನೆಯ ತುಂಡು ಮೊದಲು ಕೈ ಹಾಕಿದವರದು. ಇಲ್ಲಿ ಅದನ್ನು ಯಾರೂ ಪೂರ್ತಿ ತೆಗೆದುಕೊಳ್ಳುವುದಿಲ್ಲ. ಅರ್ಧ ಕತ್ತರಿಸಿ ಅರ್ಧ ಬಿಡುತ್ತಾರೆ. ಮುಂದಿನವರು ಆ ಅರ್ಧದಲ್ಲಿ ಅರ್ಧ. ಸಂಜೆಗೆ ಇರುವೆಗೂ ಸಾಲದಷ್ಟು ಉಳಿದಿರುತ್ತದೆ. ಅದನ್ನು ನಾನು ತಿನ್ನುತ್ತೇನೆ. ಎಲ್ಲರೂ ನನ್ನನ್ನೇ ನೋಡುತ್ತಾರೆ. ನೋಡಲಿ.

ಈ ಸಂಕೋಚದಲ್ಲಿ ಮಾರ್ಲಿಸ್ ಎಲ್ಲರಿಗಿಂತ ಒಂದು ಕೈ ಮೇಲು. ಬಾಗಿಲು ತಲೆಗೆ ಬಡಿದರೆ ಬಾಗಿಲಿಗೇ ‘ಸಾರಿ’ ಎನ್ನುವವಳು. ಅಂಥವಳಿಗೆ ಕೊಟ್ಟಿದ್ದು ಹದಿನೇಳನೆಯ ನಂಬರಿನ ಕೊಳವೆ. ಅದರೊಳಗಿನ ಬ್ಯಾಕ್ಟೀರಿಯಾ ಯಾವುದೆಂದು ಪರೀಕ್ಷೆ ಮಾಡಿ, ಶುಕ್ರವಾರ ಹೆಸರು ಬರೆದುಕೊಡಬೇಕು. ಎರಡು ಸಲ ಅವಳು ಇದರಲ್ಲೇ ಫೇಲಾಗಿದ್ದಳು. ಮೂರನೆಯ ಸಲವೂ ತಪ್ಪಿದರೆ ನರ್ಸಿಂಗ್ ಆಸೆ ಅಲ್ಲಿಗೆ ಮುಗಿಯಿತು. ಕೊಳವೆ ತುಂಬಿದವಳು ನಾನೇ, ಒಳಗಿರುವುದು ಯಾರೆಂದು ನನಗೆ ಗೊತ್ತು. ಆದರೆ ಬಾಯಿ ಬಿಟ್ಟರೆ ನನ್ನ ಕೆಲಸಕ್ಕೇ ಸಂಚಕಾರ.

ಶಾಲೆಯ ಅಡುಗೆಮನೆಯ ಕೆಲಸ ಮುಗಿಸಿ, ಉಳಿದವರೆಲ್ಲ ಹೊರಡುವ ಹೊತ್ತಿಗೆ ಅವಳು ಬರುತ್ತಿದ್ದಳು. ಬಂದವಳೇ ಬೆಚ್ಚನೆಯ ಪೆಟ್ಟಿಗೆಯಿಂದ ಕೊಳವೆ ತೆಗೆದು, “ಏನಪ್ಪಾ ಹದಿನೇಳು, ನಿದ್ದೆ ಬಂತಾ? ಸೆಖೆ ಆಗ್ಲಿಲ್ಲ ತಾನೇ?” ಎಂದು ವಿಚಾರಿಸುತ್ತಿದ್ದಳು. ನಿದ್ದೆಯೇನೋ ಚೆನ್ನಾಗಿಯೇ ಬಂದಿತ್ತು. ಹದಿನೇಳು ಕೋಟಿಗಟ್ಟಲೆ ಬೆಳೆದಿತ್ತು.

ಮೊದಲ ಪರೀಕ್ಷೆ ಬಣ್ಣದ್ದು. ಗಾಜಿನ ಮೇಲೆ ಜೀವಿಗಳನ್ನು ಸವರಿ ನೇರಳೆ ಬಣ್ಣ ಹಾಕಬೇಕು; ಅದು ಕಚ್ಚಿಕೊಳ್ಳಲೆಂದು ಅಯೋಡಿನ್ ಸುರಿಯಬೇಕು; ಆಮೇಲೆ ಆಲ್ಕೊಹಾಲಿನಲ್ಲಿ ತೊಳೆದು ಗುಲಾಬಿ ಬಣ್ಣ ಹಚ್ಚಬೇಕು. ನೇರಳೆ ಉಳಿಸಿಕೊಂಡವರು ಒಂದು ಕುಲ, ಗುಲಾಬಿಯಾದವರು ಇನ್ನೊಂದು. ಹದಿನೇಳು ಗುಲಾಬಿಯಾಯಿತು. ಅದು ಗುಲಾಬಿಯಾಗುವ ಜಾತಿಯೇ ಅಲ್ಲ!

ಮಿಕ್ಕ ಪರೀಕ್ಷೆಗಳೆಲ್ಲ ಸರಿಯಾಗಿದ್ದವು. ಸೂಕ್ಷ್ಮದರ್ಶಕದಲ್ಲಿ ದ್ರಾಕ್ಷಿಗೊಂಚಲಿನಂತೆ ಗುಂಡು ಗುಂಡಗೆ. ಪೆರಾಕ್ಸೈಡ್ ಬಿದ್ದರೆ ಬುಸಬುಸ ನೊರೆ. ಮೊಲದ ರಕ್ತದ ತಿಳಿ ಅದರ ಜೊತೆ ಸೇರಿ ಮೊಸರಿನಂತೆ ಗಟ್ಟಿ. ಆದರೆ ಬಣ್ಣ ಗುಲಾಬಿ. ಪುಸ್ತಕದಲ್ಲಿ ಅಂಥ ಜೀವಿಯೇ ಇರಲಿಲ್ಲ. ನಾಲ್ಕು ಸಲ ಬಣ್ಣ ಹಾಕಿದಳು, ನಾಲ್ಕು ಸಲವೂ ಗುಲಾಬಿ.

“ರೋಸಾಲ್ಬಾ,” ಎಂದಳು ಗುರುವಾರ, ಕಣ್ಣು ಒದ್ದೆ ಮಾಡಿಕೊಂಡು. “ನಂಗೆ ಇದೆಲ್ಲ ಆಗಿಬರಲ್ಲ ಕಣೇ. ಸುಮ್ನೆ ಆಲೂಗಡ್ಡೆ ಬಡಿಸ್ಕೊಂಡು ಇರ್ಬೇಕಿತ್ತು.”

“ಇನ್ನೊಂದ್ಸಲ ಹಾಕು, ನೋಡ್ತೀನಿ,” ಎಂದು ಪಕ್ಕದಲ್ಲೇ ನಿಂತೆ. ನೇರಳೆ ಹಾಕಿದಳು. ಅಯೋಡಿನ್ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ ಒಂದಿಷ್ಟೇ ಇತ್ತು. ಸುತ್ತ ನೋಡಿದಳು. ಗಾಜಿನ ಮೂಲೆಗೆ ಅರ್ಧ ಹನಿ ಮುಟ್ಟಿಸಿ, ಮುಚ್ಚಳ ಹಾಕಿ, ಬಾಟಲಿಯನ್ನು ಮೆಲ್ಲಗೆ ಇದ್ದಲ್ಲೇ ಇಟ್ಟಳು.

“ಏನೇ ಅದು?”

“ಸ್ವಲ್ಪಾನೇ ಇತ್ತಲ್ಲ. ಯಾರಿಗಾದ್ರೂ ಬೇಕಾಗಬಹುದು.”

“ಯಾರಿಗೆ? ಎಲ್ರೂ ಹೋದ ವಾರವೇ ಮುಗಿಸಿದ್ದಾರೆ! ನೀನು ನಾಲ್ಕು ದಿನದಿಂದ ಹೀಗೇ ಮುಟ್ಟಿಸ್ತಿದ್ದೀಯಾ?”

“ಹೂಂ... ಅರ್ಧ ಬಿಡ್ತಾ ಬಂದೆ.”

“ಬೀರುವಿನಲ್ಲಿ ಆರು ಬಾಟಲಿ ಇದೆಯಲ್ಲೇ ಮಾರಾಯ್ತಿ! ಕೇಳೋಕೇನು ಧಾಡಿ?”

“ನೀನು ಬ್ಯುಸಿ ಇದ್ದ ಹಾಗಿತ್ತು.”

ನಾನು ಕೂತು ಪದಬಂಧ ಬಿಡಿಸುತ್ತಿದ್ದೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋದಕ್ಕೆ ಜಾಗ ಇಲ್ಲ ಅಂತಾರಲ್ಲ, ಇವಳ ಕಥೆ ಅದೇ. ಸಿಟ್ಟಿನಲ್ಲಿ ಹೊಸ ಬಾಟಲಿ ತಂದು ಅವಳ ಮುಂದೆ ಕುಕ್ಕಿದೆ. ಅವಳು ಅದನ್ನು ಮುಟ್ಟಲಿಲ್ಲ. ಹಳೆಯದನ್ನೇ ಎತ್ತಿಕೊಂಡಳು.

“ಹೊಸದು ತೆರೆದ್ರೆ ಇದು ವೇಸ್ಟ್ ಆಗುತ್ತೆ,” ಎಂದವಳು ಹೊಸ ಗಾಜು ತಯಾರು ಮಾಡಿ, ಕಣ್ಣು ಮುಚ್ಚಿ, ಖಾಲಿ ಕೋಣೆಗೆ “ಸಾರಿ” ಹೇಳಿ, ಬಾಟಲಿಯನ್ನು ಬೋರಲು ಹಾಕಿದಳು. ಕೊನೆಯ ಹನಿಯವರೆಗೂ ಸುರಿದಳು. ಸವರಿದ ಜಾಗವೆಲ್ಲ ನೆನೆಯಿತು.

ತೊಳೆದು ನೋಡಿದರೆ ದಟ್ಟ ನೇರಳೆ. ಮಾರ್ಲಿಸ್ ಸೂಕ್ಷ್ಮದರ್ಶಕ ಬಿಟ್ಟು ಏಳಲೇ ಇಲ್ಲ. ಅವಳು ಹಾಗೆ ನೋಡುತ್ತಿದ್ದ ಹದಿನೇಳರ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಶುಕ್ರವಾರ ‘ಸ್ಟ್ಯಾಫಿಲೊಕಾಕಸ್ ಆರಿಯಸ್’ ಎಂದು ಬರೆದುಕೊಟ್ಟಳು. ‘ಪ್ರಯೋಗದಲ್ಲಾದ ತಪ್ಪು’ ಎಂಬ ಕಡೆ ‘ದಾಕ್ಷಿಣ್ಯ’ ಎಂದು ಬರೆದಿದ್ದಳು. ಮೇಷ್ಟ್ರು ಅದಕ್ಕೂ ಅಂಕ ಕೊಟ್ಟರು.

ಮೂರು ವರ್ಷದ ನಂತರ ಚಿಕಿತ್ಸಾಲಯಕ್ಕೆ ಪರೀಕ್ಷೆಗೆಂದು ರಕ್ತ ಕೊಡಲು ಹೋದೆ. ಸೂಜಿ ಹಿಡಿದು ಬಂದವಳು ಮಾರ್ಲಿಸ್. “ಸಾರಿ, ಸ್ವಲ್ಪ ಚುಚ್ಚುತ್ತೆ,” ಎಂದಳು. ಮೂರು ಕೊಳವೆ ತುಂಬಿದವು. ನಾಲ್ಕನೆಯದು ಅರ್ಧಕ್ಕೆ ಬಂದಾಗ ನನಗೆ ತಲೆ ಸುತ್ತಿತು.

“ಸಾಕು ಬಿಡೇ, ಅರ್ಧ ಆಯ್ತಲ್ಲ,” ಎಂದೆ.

“ಅರ್ಧ ಬಿಟ್ಟರೆ ತಪ್ಪು ಉತ್ತರ ಬರುತ್ತೆ,” ಎಂದು ಮಾರ್ಲಿಸ್ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕೊಳವೆ ತುಂಬುವವರೆಗೂ ಬಿಡಲಿಲ್ಲ.