ಗಂಡನ ಹೆಸರಿನ ಪಾಸ್‌ವರ್ಡ್

ಕುರಕುಂಟಾದ ಕರುಣಾ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ. ಮದುವೆಯಲ್ಲಿ ಹೆಂಗಸರ ಒತ್ತಾಯಕ್ಕೆ ಒಡಪು ಹಾಕಿ, ಪದ್ಯದ ನಡುವೆ ಸೇರಿಸಿ ಒಮ್ಮೆ ಹೇಳಿದ್ದೇ ಹೇಳಿದ್ದು. ಆ ಮಹಾಶಯನ ಹೆಸರು ಭಗವಂತ. ಹೀಗಾಗಿ ಎಂಥ ಕಷ್ಟ ಬಂದರೂ ಆಕೆ ‘ಭಗವಂತಾ’ ಎನ್ನುವಂತಿಲ್ಲ, ‘ದೇವರೇ’ ಅನ್ನಬೇಕು. ಇದನ್ನೇ ಹಿಡಿದು ನಾನು ಆಕೆಯನ್ನು ಎಷ್ಟೋ ಸಲ ಕಾಡಿಸಿದ್ದೇನೆ.

ಸೇಡಂನಲ್ಲಿ ನಾನು ನಡೆಸುವ ಕಂಪ್ಯೂಟರ್ ಕ್ಲಾಸಿಗೆ ಆಕೆ ದಿನಾ ಬಸ್ಸು ಹತ್ತಿ ಬರುತ್ತಿದ್ದಳು. ಟೈಪಿಂಗಿನಲ್ಲಿ ಕೈ ಭಾರಿ ಚುರುಕು. ಮನೆಯಲ್ಲೊಂದು ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಕೆಲಸಕ್ಕೆ ಅರ್ಜಿ ಹಾಕತೊಡಗಿದಳು. “ಪಾಸ್‌ವರ್ಡ್ ಯಾರಿಗೂ ಗೊತ್ತಾಗದಂಥಾದ್ದು ಇಡವ್ವಾ” ಎಂದೆ.

“ಇಟ್ಟೀನ್ರಿ ಮೇಡಂ. ಸತ್ತರೂ ನನ್ನ ಬಾಯಾಗ ಬರಂಗಿಲ್ಲ, ಅಂಥಾದ್ದು ಇಟ್ಟೀನಿ.”

ತಾನು ಬಾಯಿಬಿಡದ್ದು ಯಾರಿಗೂ ತಿಳಿಯದು ಎಂದು ಆಕೆಯ ಲೆಕ್ಕ. ಹೆಂಡತಿ ಹೇಳದ ಹೆಸರು ಇಡೀ ಊರಿಗೆ ಗೊತ್ತಿರುತ್ತದೆ. ಮೈದುನ ಅಣವೀರನಿಗೆ ಅದನ್ನು ಕಂಡುಹಿಡಿಯಲು ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಚಿತ್ತಾಪುರದ ಒಂದು ಖಾಸಗಿ ಕಚೇರಿಯವರು ಆಕೆಯನ್ನು ಕೆಲಸಕ್ಕೆ ಆರಿಸಿದರು. ಬರುತ್ತೇನೆಂದು ಆಕೆ ಮೇಲ್ ಕಳಿಸಿದಳು. ಹಾಜರಾಗುವ ದಿನ ಇದ್ದುದರಲ್ಲೇ ಒಳ್ಳೆಯ ಸೀರೆ ಉಟ್ಟು ಹೊರಟಳು, ನಾನೂ ಜೊತೆಗೆ ಹೋದೆ. ಅಲ್ಲಿಯ ಮ್ಯಾನೇಜರ್ ಗಲಿಬಿಲಿಗೊಂಡ.

“ಆಮ್ಯಾಲೆ ನೀವೇ ಬ್ಯಾಡ ಅಂತ ಮೇಲ್ ಹಾಕೀರಲ್ರಿ? ಅತ್ತೀನ್ನ ನೋಡ್ಕೋಬೇಕು, ಬರಾಕ ಆಗಂಗಿಲ್ಲ ಅಂತ ಬರದೀರಿ. ಬ್ಯಾರೆಯವರನ್ನ ತಗೊಂಡ್ವಿ.”

“ನಾ ಬರದೇ ಇಲ್ರಿ” ಎಂದಳು ಕರುಣಾ.

ಆಕೆಯ ಸಂಗಡ ಮನೆಗೆ ಹೋಗಿ ಕೇಳಿದೆ. ಮೇಲ್ ಕಳಿಸಿ ಗುರುತು ಸಿಗದಂತೆ ಅಳಿಸಿದ್ದ ಅಣವೀರನಿಗೆ ಈಗ ನಾಚಿಕೆಯೂ ಇರಲಿಲ್ಲ. “ಹೌದು, ನಾನೇ ಹಾಕೀನಿ. ವೈನಿ ಹೋದ್ರ ಅವ್ವಗ ಯಾರು ನೋಡ್ಬೇಕು? ಅಣ್ಣನ ಹೆಸರು ಹಾಕಿದೆ, ತೆರೀತು” ಎಂದ ಆ ಭಂಡ. ಭಗವಂತ ಮೀಸೆ ನೇವರಿಸುತ್ತ ಕೂತಿದ್ದ. ಹೆಂಡತಿ ತನ್ನ ಹೆಸರಿಟ್ಟಿದ್ದಾಳೆಂಬ ಹೆಮ್ಮೆ ಬೇರೆ ಅವನಿಗೆ.

ಅಲ್ಲೇ ಅವರೆದುರೇ ಆಕೆಯನ್ನು ಕೂಡಿಸಿ ಪಾಸ್‌ವರ್ಡ್ ಬದಲಿಸಿದೆ. ತಲೆಬುಡವಿಲ್ಲದ ಅಕ್ಷರ, ಅಂಕಿಗಳದ್ದು. ಆಕೆಯ ಮೊಬೈಲಿಗೆ ಬರುವ ಕೋಡ್ ಹಾಕದೆ ಮೇಲ್ ಕೂಡ ತೆರೆಯದಂತೆ ಮಾಡಿದೆ. ಅತ್ತೆ ಹಣಮವ್ವ ಬಾಗಿಲಲ್ಲಿ ನಿಂತು ನೋಡಿದಳು.

“ಕೀಲಿ ಯಾಕ ಹಾಕಾಕತ್ತೀ? ನಮ್ಮ ಮನ್ಯಾಗ ಕಳ್ಳರು ಅದಾರೇನು?”

“ಅದಾರ್ರಿ ಅತ್ತಿ” ಎಂದಳು ಕರುಣಾ, ತಲೆ ಎತ್ತದೆ.

ಅಣವೀರ ಎಷ್ಟು ತಿಣುಕಿದರೂ ಕಂಪ್ಯೂಟರ್ ತೆರೆಯಲಿಲ್ಲ. ಮುಂದಿನ ವಾರ ಭಗವಂತ ಮನೆಯ ಇಂಟರ್‌ನೆಟ್ಟನ್ನೇ ತೆಗೆಸಿಹಾಕಿದ. ಅದಕ್ಕೆ ಅವನಿಗೆ ಯಾವ ಪಾಸ್‌ವರ್ಡೂ ಬೇಕಾಗಲಿಲ್ಲ.