ಮಲಗಿದಲ್ಲಿಂದ ಕಾಣುವ ಸಮುದ್ರ

ಕಳೆದ ವಾರ ಕಂಪನಿಯ ಕ್ಯಾಬು ಎಲೆಕ್ಟ್ರಾನಿಕ್ ಸಿಟಿಯ ಫ್ಲೈಓವರ್ ಹತ್ತುತ್ತಿದ್ದಾಗ, ಪಕ್ಕದ ಸೀಟಿನಲ್ಲಿದ್ದ ಹೊಸ ಹುಡುಗಿ ಬ್ಯಾಗಿನಿಂದ ನಿಂಬೆಹಣ್ಣು ತೆಗೆದಳು. ಉಗುರಿನಿಂದ ಸಿಪ್ಪೆ ಗೀರಿ ಮೂಗಿಗೆ ಹಿಡಿದುಕೊಂಡು, "ಸಾರಿ ಸಾರ್, ವಾಂತಿ ಬರೋ ಹಾಗಾಗುತ್ತೆ" ಎಂದಳು. ಪರವಾಗಿಲ್ಲಮ್ಮ ಎಂದೆ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಫ್ಲೈಓವರಿನ ಮೇಲಿರಲಿಲ್ಲ. ಸಿಂಗಸಂದ್ರದ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಹಳೆಯ ಬಿಳಿ ವ್ಯಾನಿನ ಹಿಂದಿನ ಸೀಟಿನಲ್ಲಿ, ಎರಡು ರಾಗಿ ಮೂಟೆಗಳ ನಡುವೆ ಕೂತಿದ್ದೆ. ಮುಂದೆ ನಿಂಬೆಹಣ್ಣು ಹಿಡಿದು ಆಂಟಿ, ಸ್ಟೀರಿಂಗು ಹಿಡಿದು ಓನರ್ ಅಂಕಲ್...

ಓನರ್ ಅಂಕಲ್ ಎಂದರೆ ನಾನು ಏಳು ವರ್ಷ ಬಾಡಿಗೆಗಿದ್ದ ಮನೆಯ ಮಾಲೀಕರು. ಬೇಗೂರಿನ ಕಡೆಯ ಹಳೆಯ ಒಕ್ಕಲು ಮನೆತನ. ಹೊಲ ಹೋಗಿ ಅಪಾರ್ಟ್‌ಮೆಂಟು ಬಂದ ಮೇಲೆ, ಉಳಿದ ಜಾಗದಲ್ಲಿ ಆರು ಪುಟ್ಟ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಸುತ್ತಮುತ್ತಲ ಓನರುಗಳು ಬಾಡಿಗೆ ಕೇಳಲು ಬಂದವರ ಜಾತಿ ಕೇಳುತ್ತಿದ್ದರು, ಮಾಂಸ ತಿನ್ನುತ್ತೀರಾ ಎಂದು ಕೇಳುತ್ತಿದ್ದರು. ಇವರು ಕೇಳುತ್ತಿದ್ದುದು ಒಂದೇ: "ನಿಮ್ಮೂರು ಯಾವ್ದಪ್ಪ? ನಿಮ್ಮನೆ ಮುಂದೆ ವ್ಯಾನು ನಿಲ್ಸೋಕೆ ಜಾಗ ಐತಾ?"

ಇದರ ಹಿಂದೆ ಒಂದು ಮಹಾ ಯೋಜನೆಯಿತ್ತು. ಸಕಲೇಶಪುರದ ಘಾಟಿ ಇಳಿದು, ಕರಾವಳಿಯ ಉದ್ದಕ್ಕೂ ಮೇಲೆ ಹೋಗಿ, ದಾಂಡೇಲಿಯ ಕಾಡು ಹೊಕ್ಕು ಮನೆಗೆ ಮರಳುವ ಒಂದು ದೊಡ್ಡ ಸುತ್ತು. ವ್ಯಾನಿನಲ್ಲಿ ಗಂಡ ಹೆಂಡತಿ ಇಬ್ಬರೇ. ಆದರೆ ಅಂಕಲ್ಲಿಗೆ ಲಾಡ್ಜು ಎಂದರೆ ಆಗದು. ಪ್ರಯಾಣ ಹೋದರೆ ನೆಂಟರ ಮನೆಯಲ್ಲಿ ಇಳಿಯಬೇಕು, ಅದೇ ಮರ್ಯಾದೆ. "ದುಡ್ಡು ಕೊಟ್ಟು ಕಂಡೋರ ಮನೇಲಿ ಮಲಗೋದು ಏನ್ ಚೆಂದ?" ಎಂದು, ತಿಂಗಳು ತಿಂಗಳು ದುಡ್ಡು ಕೊಟ್ಟು ತಮ್ಮ ಮನೆಗಳಲ್ಲಿ ಮಲಗುತ್ತಿದ್ದ ನಮ್ಮನ್ನೇ ಕೇಳುತ್ತಿದ್ದರು. ನಾವು ತಲೆಯಾಡಿಸುತ್ತಿದ್ದೆವು. ಅವರಿಗೆ ಇದ್ದ ನೆಂಟರೆಲ್ಲ ಬೇಗೂರು, ಆನೇಕಲ್ಲು, ಹೊಸೂರು ದಾಟಿರಲಿಲ್ಲ. ಹಾಗಾಗಿ ದಾರಿಗುಂಟ ನೆಂಟರನ್ನು ಅವರೇ ಸಂಪಾದಿಸಿಕೊಳ್ಳುತ್ತಿದ್ದರು. ಒಂದನೇ ಮನೆಯಲ್ಲಿ ಸಕಲೇಶಪುರದ ಎಲೆಕ್ಟ್ರಿಷಿಯನ್, ಎರಡನೆಯದರಲ್ಲಿ ಕುಂದಾಪುರದ ಬೇಕರಿಯವನು, ಆರನೆಯದರಲ್ಲಿ ದಾಂಡೇಲಿಯ ಕ್ಯಾಬ್ ಡ್ರೈವರ್. ಯಾರಾದರೂ ಮನೆ ಖಾಲಿ ಮಾಡಿದರೆ ಅದೇ ಊರಿನವರು ಸಿಗುವವರೆಗೆ ಬೀಗ. ಹಿಂದಿನ ಬೇಕರಿಯವನು ಮದುವೆಯಾಗಿ ಹೋದಾಗ ಎರಡನೇ ಮನೆ ನಾಲ್ಕು ತಿಂಗಳು ಖಾಲಿ ಬಿದ್ದಿತ್ತಂತೆ. ಆಂಟಿ ಅದನ್ನು ಹೇಳುವಾಗೆಲ್ಲ ಹಣೆ ಚಚ್ಚಿಕೊಳ್ಳುತ್ತಿದ್ದರು.

ನಾನು ಮನೆ ಹುಡುಕುತ್ತಿದ್ದಾಗ ಖಾಲಿಯಿದ್ದುದು ಐದನೇ ನಂಬರು. ಬೊಮ್ಮಸಂದ್ರದ ಔಷಧಿ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿ ಹದಿನೈದು ದಿನವಾಗಿತ್ತು. ಒಂದು ಕೋಣೆಯಲ್ಲಿ ಏಳು ಮಂದಿ ಮಲಗುತ್ತಿದ್ದೆವು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯ ಗುಟ್ಟು ಹೇಳಿಕೊಟ್ಟ: "ಆ ಓನರ್‌ಗೆ ಅಂಕೋಲಾದವ್ರು ಬೇಕಂತೆ ಮಗಾ. ಅಂಕೋಲಾ ಅಂದ್ಬಿಡು, ಮುಗೀತು." ನಾನು ರೋಣದ ಕಡೆಯವನು. ನಮ್ಮೂರಿನಲ್ಲಿ ನೋಡಿದ ಅತಿ ದೊಡ್ಡ ನೀರು ಕೆರೆಯದು, ಅದೂ ಮಳೆ ಬಂದ ವರ್ಷ. ಮಾತು ಕೇಳಿದರೆ ಸಿಕ್ಕಿಬೀಳುತ್ತೇನೆ ಎಂದು ಹೆದರಿದ್ದೆ. ಆದರೆ ಅಂಕಲ್ಲಿಗೆ ತುಮಕೂರು ದಾಟಿದ ಮೇಲೆ ಎಲ್ಲರ ಮಾತೂ ಒಂದೇ.

"ನಿಮ್ಮನೆಯಿಂದ ಸಮುದ್ರ ಎಷ್ಟು ದೂರ?" ಎಂದರು.

"ಹತ್ರ ಐತ್ರಿ."

"ಹತ್ರ ಅಂದ್ರೆ?"

ಬಾಯಿ ನನ್ನ ಹಿಡಿತದಲ್ಲಿರಲಿಲ್ಲ. "ಹಾಸ್ಗಿ ಮ್ಯಾಲೆ ಮಲಗಿದ್ರ ಕಾಣ್ತೈತ್ರಿ" ಎಂದುಬಿಟ್ಟೆ.

ಒಳಗಿನಿಂದ ಆಂಟಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು. ಅವರಿಗೆ ಮಂಡಿ ನೋವು. ಮರಳಿನ ಮೇಲೆ ನಾಲ್ಕು ಹೆಜ್ಜೆ ನಡೆಯುವುದು ಸಾಧ್ಯವಿರಲಿಲ್ಲ. ಹುಟ್ಟಿದಾಗಿನಿಂದ ಸಮುದ್ರ ನೋಡಿರಲಿಲ್ಲ, ಒಮ್ಮೆ ನೋಡಬೇಕು ಎಂಬುದೊಂದೇ ಆಸೆ. ಮಲಗಿದಲ್ಲಿಂದ ಸಮುದ್ರ ಕಾಣುವ ಮನೆಯೊಂದು ಇದೆ, ಅದರ ಹುಡುಗ ತಮ್ಮ ಬಾಗಿಲಿಗೇ ಬಂದು ನಿಂತಿದ್ದಾನೆ ಎಂದರೆ ಅದು ದೇವರ ದಯೆಯೇ ಸರಿ. ಅಂದೇ ಕೀಲಿ ಕೊಟ್ಟರು. ಸಂಜೆಗೆ ಮುದ್ದೆ, ಬಸ್ಸಾರು ಬಂತು. ಮೊದಲ ತುತ್ತನ್ನು ತಟ್ಟೆಗೇ ವಾಪಸ್ ಇಟ್ಟೆ. ಎರಡನೆಯದನ್ನು ನುಂಗಿದೆ, ಹಸಿವಿತ್ತು.

ಭಾನುವಾರ ನೀರಿನ ಟ್ಯಾಂಕರ್ ಬಂದು ಸಂಪು ತುಂಬಿದ ಮೇಲೆ ಟೆರೇಸಿನಲ್ಲಿ ಮೀಟಿಂಗು. ಹಳೆಯ ಕ್ಯಾಲೆಂಡರುಗಳ ಹಾಳೆಗಳನ್ನು ತಿರುಗಿಸಿ, ಮೈದಾ ಅಂಟು ಹಾಕಿ ಜೋಡಿಸಿದ ಒಂದು ದೊಡ್ಡ ನಕ್ಷೆ ಹಾಸುತ್ತಿದ್ದರು. ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಬಾಡಿಗೆದಾರರು ಕೂರಬೇಕು. ಫೋನಿನಲ್ಲೇ ದಾರಿ ನೋಡಬಹುದಲ್ಲ ಎಂದು ಎಲೆಕ್ಟ್ರಿಷಿಯನ್ ಒಮ್ಮೆ ಹೇಳಿದ್ದಕ್ಕೆ, "ಯಾರ ಮನೇಲಿ ಬೆಳಗ್ಗೆ ಏನ್ ತಿಂಡಿ ಮಾಡ್ತಾರೆ ಅಂತ ನಿನ್ ಫೋನಿಗೆ ಗೊತ್ತಾ?" ಎಂದು ಬಾಯಿ ಮುಚ್ಚಿಸಿದರು. ನಕ್ಷೆಯಲ್ಲಿ ಅದೆಲ್ಲ ಇತ್ತು. ಕುಂದಾಪುರದಲ್ಲಿ ನೀರ್ ದೋಸೆ. ದಾಂಡೇಲಿಯ ಮನೆಯಲ್ಲಿ ನಾಯಿಯಿದೆ, ಕಟ್ಟಿಹಾಕಲು ಮೊದಲೇ ಫೋನು ಮಾಡಬೇಕು. ಅಂಕೋಲಾದ ಜಾಗದಲ್ಲಿ ನೀಲಿ ಸ್ಕೆಚ್ ಪೆನ್ನಿನಲ್ಲಿ ಒಂದು ಮಂಚ, ಮಂಚದ ಪಕ್ಕ ಮೂರು ಅಲೆ.

ಒಂದು ಭಾನುವಾರ ನನ್ನ ಕಡೆ ತಿರುಗಿ, "ಕುಂದಾಪುರದ ಕಡೆಯಿಂದ ಬಂದ್ರೆ ನಿಮ್ಮೂರಲ್ಲಿ ಸಮುದ್ರ ಎಡಗಡೆಗಾ, ಬಲಗಡೆಗಾ?" ಎಂದು ಕೇಳಿದರು. ಬಲಗಡೆ ಎಂದೆ. ಅವರ ಮುಖ ಬಾಡಿತು. ಬಲಗಡೆಯಾದರೆ ಡ್ರೈವರ್ ಸೀಟಿಗೆ ಕಾಣುತ್ತದೆ, ಎಡಗಡೆ ಕೂತ ಆಂಟಿಗೆ ಕಾಣುವುದಿಲ್ಲ. ಒಂದು ವಾರವಿಡೀ ಕೂತು ಇಡೀ ಪ್ರಯಾಣವನ್ನೇ ತಿರುಗುಮುರುಗು ಮಾಡಿದರು. ಮೊದಲು ದಾಂಡೇಲಿ, ಕೊನೆಗೆ ಸಕಲೇಶಪುರ. ಮುಂದಿನ ಭಾನುವಾರ ಅದನ್ನು ನೋಡಿದ ಬೇಕರಿಯವನು, "ಎಂತ ಮಾರಾಯ್ರೆ, ಸಮುದ್ರ ಎಡಗಡೆಯಲ್ದಾ!" ಎಂದ. ಎಲ್ಲರೂ ನನ್ನತ್ತ ನೋಡಿದರು. "ನಮ್ಮೂರ ಹತ್ರ ರಸ್ತಿ ಒಂದು ಸುತ್ತು ಹೊಡಿತೈತ್ರಿ" ಎಂದೆ. ಬೇಕರಿಯವನು ನನ್ನನ್ನು ಬಹಳ ಹೊತ್ತು ನೋಡಿದ. ಅಂಕಲ್ ಮಾತ್ರ ಅಂಕೋಲಾದ ಪಕ್ಕ ಶ್ರದ್ಧೆಯಿಂದ ಒಂದು ಸುತ್ತು ಬರೆದುಕೊಂಡು, ಪ್ರಯಾಣವನ್ನು ಮತ್ತೆ ಮೊದಲಿನಂತೆ ತಿರುಗಿಸಿದರು.

ಮೂರನೇ ವರ್ಷಕ್ಕೆ ಆರೂ ಮನೆಗಳು ಸರಿಯಾದ ಊರಿನವರಿಂದ ತುಂಬಿದವು. ಹೊರಡುವ ದಿನ ಗೊತ್ತಾಯಿತು. ಉಳಿದದ್ದು ಘಾಟಿ. ಅಂಕಲ್ ವ್ಯಾನು ಓಡಿಸಿದ್ದು ಬೇಗೂರು ದೇವಸ್ಥಾನಕ್ಕೆ ಮತ್ತು ಹೊಸೂರಿನ ತರಕಾರಿ ಮಾರ್ಕೆಟ್ಟಿಗೆ ಮಾತ್ರ. ತಿರುವು ಎಂದರೆ ಅವರಿಗೆ ಗೊತ್ತಿದ್ದುದು ಸಿಗ್ನಲ್ಲಿನಲ್ಲಿ ತಿರುಗುವುದು. ಅದಕ್ಕೂ ದಾರಿ ಕಂಡುಕೊಂಡರು. ಅವರ ಹೊಲದ ಮೇಲೆ ಎದ್ದ ಅಪಾರ್ಟ್‌ಮೆಂಟಿಗೆ ನೆಲದಡಿಯಲ್ಲಿ ಮೂರು ಅಂತಸ್ತಿನ ಪಾರ್ಕಿಂಗ್ ಇತ್ತು, ಸುತ್ತಿ ಸುತ್ತಿ ಇಳಿಯುವ ದಾರಿ. ಅಲ್ಲಿಯ ಸೆಕ್ಯುರಿಟಿ ಮೇಲ್ವಿಚಾರಕ ಇವರ ದಾಯಾದಿ. ಜನ ಆಫೀಸಿಗೆ ಹೋದ ಮೇಲೆ ನಮ್ಮ ಘಾಟಿ ಅಭ್ಯಾಸ. ಲಗೇಜಿನ ಭಾರಕ್ಕೆ ರಾಗಿ ಮೂಟೆ, ಮೂಟೆ ಸಾಲದೆ ನಾನು. ಪ್ರತಿ ತಿರುವಿನಲ್ಲೂ ಉದ್ದಕ್ಕೆ ಹಾರ್ನ್. ಎರಡನೇ ಅಂತಸ್ತು ಬಂದಾಗಲೆಲ್ಲ ವ್ಯಾನು ನಿಧಾನಿಸಿ, "ಇಲ್ಲೇ ಕಣೋ ನಮ್ ಅವರೆಕಾಯಿ ಬೆಳೀತಿದ್ದದ್ದು... ಇದರ ಮೇಲೆ" ಎಂದು ಸೀಲಿಂಗ್ ತೋರಿಸುತ್ತಿದ್ದರು.

ಕೊನೆಯ ಅಭ್ಯಾಸದ ದಿನ ಆಂಟಿ ಹಿಂದೆ ತಿರುಗಿ, "ನಿಮ್ಮಮ್ಮಂಗೆ ಸೀರೆ ತಕ್ಕೊಂಡಿದೀನಿ ಕಣಪ್ಪ. ಅವರಿಗೆ ಅಸಿರು ಇಷ್ಟನಾ?" ಎಂದರು. ನನ್ನಿಂದ ತಡೆಯಲಾಗಲಿಲ್ಲ. ಅವರೆಕಾಯಿಯ ಜಾಗದಲ್ಲೇ ಎಲ್ಲ ಹೇಳಿಬಿಟ್ಟೆ. ಅಂಕೋಲಾ ನಮ್ಮೂರಲ್ಲ, ಸಮುದ್ರವನ್ನು ಟಿವಿಯಲ್ಲಿ ಬಿಟ್ಟರೆ ನೋಡಿಲ್ಲ, ರಸ್ತೆ ಸುತ್ತು ಹೊಡೆಯುವುದಿಲ್ಲ...

ಅಂಕಲ್ ಬ್ರೇಕ್ ಒತ್ತುವುದನ್ನು ಮರೆತರು. ಮೇಲೆ ಹತ್ತುತ್ತಿದ್ದ ವ್ಯಾನು ಹಿಂದಕ್ಕೆ ಜಾರಿ ಒಂದು ಕಂಬಕ್ಕೆ ಮೆಲ್ಲಗೆ ತಾಗಿ ನಿಂತಿತು. ಆಂಟಿ ನಿಂಬೆಹಣ್ಣನ್ನು ಮಡಿಲಿಗೆ ಇಳಿಸಿ, "ಅಂಗಾದ್ರೆ... ಕಾಣಕಿಲ್ವಾ?" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಜೀವಮಾನದಲ್ಲಿ ನನಗೆ ಅಷ್ಟು ನಾಚಿಕೆಯಾದದ್ದು ಇನ್ನೊಂದು ದಿನವಿಲ್ಲ.

ಮೂರು ದಿನ ಅಂಕಲ್ ನನ್ನನ್ನು ಮಾತಾಡಿಸಲಿಲ್ಲ. ನಾನು ಗಂಟುಮೂಟೆ ಕಟ್ಟಿ, ಹೇಗೆ ಹೇಳಿ ಹೊರಡುವುದು ಎಂದು ಯೋಚಿಸುತ್ತಿದ್ದೆ. ನಾಲ್ಕನೇ ದಿನ ಬಾಗಿಲು ಬಡಿದರು.

"ಲೀವ್ ಆಕು. ನೀನೂ ಬತ್ತಿದೀಯ."

"ಎಲ್ಲಿಗ್ರಿ?"

"ಸುಳ್ಳಲ್ಲಿ ಒಂದು ಮನೆ ಕಟ್ಟಿದೀಯಲ್ಲ, ಅದನ್ನ ಎಲ್ಲೈತೋ ಉಡುಕ್ಕೊಡು ಬಾ."

ಹೊರಟೆವು. ಸಕಲೇಶಪುರದಲ್ಲಿ ಕಾಫಿಪುಡಿ ಕಟ್ಟಿಕೊಟ್ಟರು, ಕುಂದಾಪುರದಲ್ಲಿ ಎಂಟು ತೆಂಗಿನಕಾಯಿ ಮತ್ತು ಒಂದು ಕುಂಬಳಕಾಯಿ. ಬೇಡ ಎಂದರೆ ಕೇಳುವವರಾರು? ಕುಂಬಳಕಾಯಿ ನನ್ನ ತೊಡೆಯ ಮೇಲೆ ಕೂತು ಪ್ರಯಾಣ ಮಾಡಿತು. ನಿಜವಾದ ಘಾಟಿಯಲ್ಲಿ ಅಂಕಲ್ ಹಾರ್ನ್ ಹೊಡೆದ ರೀತಿಗೆ ಎದುರು ಬಂದ ಲಾರಿಗಳೇ ಪಕ್ಕಕ್ಕೆ ನಿಂತವು. ಕುಂದಾಪುರ ದಾಟಿದ ಮೇಲೆ ಒಂದು ಕಡೆ ಹೆದ್ದಾರಿಯ ಪಕ್ಕದಲ್ಲೇ ಸಮುದ್ರ ಬರುತ್ತದೆ ಎಂದು ಬೇಕರಿಯವನ ಅಪ್ಪ ಹೇಳಿದ್ದರು. ಅಲ್ಲಿ ಆಂಟಿ ಕಣ್ಣು ಮುಚ್ಚಿಕೊಂಡರು. ನೋಡಿದರೆ ಮಲಗಿಕೊಂಡೇ ನೋಡುವುದು ಎಂದು ಹಟ. ಅವರಿಗಿಲ್ಲದ್ದು ನನಗೇಕೆ ಎಂದು ನಾನೂ ಕುಂಬಳಕಾಯಿಯನ್ನೇ ನೋಡುತ್ತ ಕೂತೆ.

ಅಂಕೋಲಾದ ಹತ್ತಿರ ಒಂದು ಸಣ್ಣ ಊರಿನಲ್ಲಿ ವ್ಯಾನು ನಿಂತಿತು. ನಾನು ಇಳಿದು, ಸಮುದ್ರಕ್ಕೆ ಬೆನ್ನು ಹಾಕಿ, ಮನೆ ಮನೆ ಬಾಗಿಲು ತಟ್ಟತೊಡಗಿದೆ. "ನಿಮ್ಮನ್ಯಾಗ ಮಲಗಿದ್ರ ಸಮುದ್ರ ಕಾಣ್ತೈತೇನ್ರಿ?" ಒಬ್ಬರು ಬಾಗಿಲು ಹಾಕಿಕೊಂಡರು. ಒಬ್ಬ ಅಜ್ಜ ನನಗೆ ನೀರು ಕೊಟ್ಟು, ನೆರಳಲ್ಲಿ ಸ್ವಲ್ಪ ಕೂತುಕೊಳ್ಳಲು ಹೇಳಿದ. ಐದನೇ ಮನೆಯ ಅಂಗಳದಲ್ಲಿ ಒಬ್ಬ ಹೆಂಗಸು ಮೀನು ಒಣಗಿಸುತ್ತಿದ್ದರು. ನನ್ನ ಪ್ರಶ್ನೆ ಕೇಳಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಯಾರಿಗ್ ಗೊತ್ತು? ನಮಗೆ ಹಗಲು ಮಲಗೂಕೆ ಪುರುಸೊತ್ತೆಲ್ಲಿ? ನೀವೇ ಮಲಗಿ ನೋಡಿ ಹೇಳಿ."

ಜಗುಲಿಯ ಮೇಲೆ ಚಾಪೆ ಹಾಸಿದರು. ಅಂಕಲ್ ಮತ್ತು ನಾನು, ಕಣ್ಣು ಮುಚ್ಚಿಕೊಂಡೇ ಇದ್ದ ಆಂಟಿಯನ್ನು ಎರಡೂ ಕಡೆ ಹಿಡಿದು ವ್ಯಾನಿನಿಂದ ಇಳಿಸಿದೆವು. ಮಟಮಟ ಮಧ್ಯಾಹ್ನ ಆಂಟಿ ಮಲಗಿ, ಕೈಯನ್ನು ತಲೆದಿಂಬು ಮಾಡಿಕೊಂಡು, ಕಣ್ಣು ತೆರೆದರು. ನಾವು ಮೂವರೂ ಅವರ ಮುಖವನ್ನೇ ನೋಡುತ್ತ ನಿಂತಿದ್ದೆವು.

"ಕಾಣ್ತೈತೆ" ಎಂದರು. ಸ್ವಲ್ಪ ಹೊತ್ತಿಗೆ, "ಇಷ್ಟೊಂದಾ!" ಎಂದು ಎದೆ ಹಿಡಿದುಕೊಂಡು ನಗತೊಡಗಿದರು.

ಅಂಕಲ್ ಮೂಗು ಒರೆಸಿಕೊಂಡು ನನ್ನ ಭುಜ ಹಿಡಿದರು. "ನೀನೂ ಒಸಿ ತಿರುಗಿ ನೋಡೋ. ನಿಮ್ಮೂರಲ್ವಾ!" ಆಗ ತಿರುಗಿದೆ.

ಅಲ್ಲಿ ಎರಡು ದಿನ ಉಳಿದೆವು. ಹಸಿರು ಸೀರೆ ಆ ಮನೆಯಾಕೆಗೆ ಹೋಯಿತು, ಕುಂಬಳಕಾಯಿಯೂ. ಹೊರಡುವಾಗ ಅಂಕಲ್ ಅವರ ಗಂಡನಿಗೆ, ನಿಮ್ಮ ಕಡೆಯವರು ಯಾರಾದರೂ ಬೆಂಗಳೂರಿಗೆ ಕೆಲಸಕ್ಕೆ ಬಂದರೆ ಕಳಿಸಿ, ನಾಲ್ಕನೇ ನಂಬರು ಸದ್ಯದಲ್ಲೇ ಖಾಲಿಯಾಗುತ್ತದೆ ಎಂದು ಹೇಳುತ್ತಿದ್ದರು. ನಾಲ್ಕನೇ ನಂಬರಿನವನಿಗೆ ಆ ಸುದ್ದಿ ಗೊತ್ತೇ ಇರಲಿಲ್ಲ.

ಅಂಕಲ್ ಹೋಗಿ ಈಗ ಒಂದೂವರೆ ವರ್ಷ. ಹೃದಯ ನಿಂತುಹೋಯಿತು, ಟೆರೇಸಿನ ಮೇಲೇ, ಟ್ಯಾಂಕರಿನವನಿಗೆ ಪೈಪು ಎಳೆದುಕೊಡುತ್ತಿದ್ದಾಗ. ದಾರಿಯ ಮನೆಗಳಿಗೆಲ್ಲ ಫೋನು ಮಾಡಿದವನು ನಾನೇ. ಹನ್ನೊಂದನೇ ದಿನಕ್ಕೆ ಸಕಲೇಶಪುರದಿಂದ ಬಂದರು, ಕುಂದಾಪುರದಿಂದ ಬಂದರು. ಅಂಕೋಲಾದ ಆಕೆ ಗಂಡನನ್ನು ಕರೆದುಕೊಂಡು ಮೂರು ಬಸ್ಸು ಬದಲಿಸಿ ಬಂದರು. ಊಟ ಮುಗಿದು ಹೊರಡುವಾಗ ಆಂಟಿಯ ಕೈ ಹಿಡಿದು, ನಮ್ಮನೆಗೆ ಬಂದು ನಾಲ್ಕು ದಿನ ಇರಿ ಎಂದರು. "ಕರ್ಕೊಂಡೋಗೋರು ಇಲ್ವಲ್ಲವ್ವ" ಎಂದರು ಆಂಟಿ. ಪಕ್ಕದಲ್ಲೇ ನಿಂತಿದ್ದೆ. ನನ್ನ ಹತ್ತಿರ ಆಗಲೇ ಕಾರಿತ್ತು. ನಾನು ಕರೆದುಕೊಂಡು ಹೋಗುತ್ತೇನೆ ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಸುಳ್ಳು ಅಷ್ಟು ಸಲೀಸಾಗಿ ಹೇಳಿದ್ದ ಬಾಯಿ... ಆಮೇಲೆ ಶಿಫ್ಟು, ಮಗುವಿನ ಸ್ಕೂಲು, ಮಳೆಗಾಲ ಎಂದು ದಿನ ತಳ್ಳಿದೆ.

ಮೊನ್ನೆ ಭಾನುವಾರ ಧೈರ್ಯ ಮಾಡಿ ಫೋನು ಮಾಡಿದೆ. ಆಂಟಿ ಈಗ ಚಂದಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಅಂಕೋಲಾಕ್ಕೆ ಹೋಗೋಣವೇ ಎಂದು ಕೇಳಿ ಮುಗಿಸುವ ಮೊದಲೇ, ಯಾವಾಗ ಎಂದರು. ಶುಕ್ರವಾರ ಹೊರಡೋಣ, ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕಾಲು ಚಾಚಲು ಜಾಗ ಮಾಡುತ್ತೇನೆ ಎಂದೆ.



"ಮುಂದೆ ಬೇಡ ಕಣಪ್ಪ. ಮುಂದೆ ಕೂತ್ರೆ ಪಕ್ಕಕ್ಕೆ ತಿರುಗಿ ಅವ್ರೇ ಅಂದ್ಕೊಂಡು ಮಾತಾಡಿಸ್ಬಿಡ್ತೀನಿ. ಇಂದ್ಗಡೆ ಸೀಟಲ್ಲಿ ಕೂತ್ಕೋತೀನಿ."

ಸಂಜೆ ಕೆಳಗಿಳಿದು ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕೂತು, ಕಾಲು ಚಾಚಿ ನೋಡಿದೆ. ಆಂಟಿಗೆ ಸಾಲುತ್ತದೆ.